ಮೂವತ್ತೈದು ಸಲ ಒರೆಸಿದ ಡಿಸ್ಕು, ಎರಡು ರೂಪಾಯಿ ಜೆರಾಕ್ಸು

ಹೊಳೆಹೊನ್ನೂರಿನಲ್ಲಿ ಇಷ್ಟು ಶ್ರದ್ಧೆಯಿಂದ ಯಾರೂ ಏನನ್ನೂ ಒರೆಸಿದ್ದಿಲ್ಲ. ಗೋಡೆಯ ಮೇಲಿನ ಚುನಾವಣೆ ಬರಹವನ್ನು ಒಂದೇ ಕೈ ಸುಣ್ಣದಲ್ಲಿ ಮುಗಿಸುವ ಊರು ನಮ್ಮದು. ಡಿಪಾಜಿಟ್ ಕಳಕೊಂಡವರ ಹೆಸರು ಕೂಡ ಮಳೆಗಾಲ ಬಂದಾಗ ಒಳಗಿನಿಂದ ಇಣುಕಿ, ಮತ ಕೇಳಿ ಹೋಗುತ್ತದೆ. ಅಂಥ ಊರಿನಲ್ಲಿ ನಮ್ಮ ಬೀದಿಯ ರಿಟೈರ್ಡ್ ಮೇಷ್ಟ್ರು, ಮಗ ಬಿಟ್ಟುಹೋದ ಒಂದು ಬಿಳಿ ಡಬ್ಬಿಯನ್ನು ಮೂವತ್ತೈದು ಸಲ ಒರೆಸುವ ವ್ರತ ಹಿಡಿದರು.

ಡಬ್ಬಿಯ ಪೂರ್ವೋತ್ತರ ಇಷ್ಟು. ಆ್ಯಪಲ್ ಕಂಪನಿ 2008ರಲ್ಲಿ ಟೈಮ್ ಕ್ಯಾಪ್ಸೂಲ್ ಅಂತ ಒಂದನ್ನು ತಂದಿತ್ತು. ಅದು ವೈಫೈ ರೂಟರೂ ಹೌದು, ಹೊಟ್ಟೆಯೊಳಗೆ ಒಂದು ಹಾರ್ಡ್ ಡಿಸ್ಕೂ ಉಂಟು. ಮನೆಯ ಕಂಪ್ಯೂಟರು ಗಂಟೆಗೊಮ್ಮೆ, ಯಾರೂ ಹೇಳದೆ ಕೇಳದೆ, ತನ್ನಲ್ಲಿ ಹೊಸದಾಗಿ ಸೇರಿದ್ದನ್ನೆಲ್ಲ ಗಾಳಿಯಲ್ಲೇ ಅದಕ್ಕೆ ದಾಟಿಸುತ್ತಿತ್ತು. 2018ರಲ್ಲಿ ಕಂಪನಿ ಅದರ ಮಾರಾಟ ನಿಲ್ಲಿಸಿತು. ಮೇಷ್ಟ್ರ ಮಗ ಆಮೇಲೆ ಕ್ಲೌಡಿಗೆ ಹೋದ, ಡಬ್ಬಿ ಹೊಳೆಹೊನ್ನೂರಿಗೆ ಬಂತು. ಬೆಂಗಳೂರಿನ ಫ್ಲ್ಯಾಟಿನಲ್ಲಿ ಜಾಗ ಸಾಲದ್ದೆಲ್ಲ ಬಂದು ಸೇರುವುದು ಅಪ್ಪ ಅಮ್ಮನ ಮನೆಗೇ. ಮದುವೆಗೆ ಬಂದ ಹನ್ನೆರಡು ಗೋಡೆ ಗಡಿಯಾರ ಬಂತು, ಬಟ್ಟೆ ಒಣಗಿಸುವ ಟ್ರೆಡ್‌ಮಿಲ್ಲು ಬಂತು, ಡಬ್ಬಿಯೂ ಬಂತು. ಮಗ ಮಾತ್ರ ಯುಗಾದಿಗೆ ಬರ್ತೀನಿ ಅಂದಿದ್ದಾನೆ.

ಅಡಿಕೆಗೆ ಬೆಲೆ ಬಂದ ಮೇಲೆ ಕಣಕ್ಕೂ ಕಣ್ಣು ಬೇಕು. ಮೇಷ್ಟ್ರು ಅಡಿಕೆ ಒಣಗಿಸುವ ಅಂಗಳಕ್ಕೆ ನಾಲ್ಕು ಸಿಸಿಟಿವಿ ಕ್ಯಾಮೆರಾ ಹಾಕಿಸಲು ಹೊರಟರು. "ಹಾರ್ಡ್ ಡಿಸ್ಕಿಗೆ ಬೇರೆ ದುಡ್ಡಾಗುತ್ತೆ ಮೇಷ್ಟ್ರೇ, ಹಳೇದೇನಾದ್ರೂ ಇದ್ರೆ ಕೊಡಿ, ಅದನ್ನೇ ಕೂರಿಸ್ತೀನಿ" ಅಂದ ಕ್ಯಾಮೆರಾ ಹುಡುಗ. ಹುಡುಗ ಹೇಳಿದ್ದು ಸರಿ. ಡಬ್ಬಿ ಎಷ್ಟೇ ದುಬಾರಿಯದಾದರೂ ಒಳಗಿರುವುದು ಎಲ್ಲ ಕಂಪ್ಯೂಟರಲ್ಲೂ ಇರುವಂಥ ಮೂರೂವರೆ ಇಂಚಿನ ಡಿಸ್ಕೇ. ಅದನ್ನು ಬಿಚ್ಚಿ ಕ್ಯಾಮೆರಾ ರೆಕಾರ್ಡರಿಗೆ ಕೂರಿಸಬಹುದು.

ಆದರೆ ಅದರೊಳಗೆ ಏನೇನಿದೆ? ಆಗಲೇ ಮೇಷ್ಟ್ರಿಗೆ ಬೆವರು ಬಂದದ್ದು. ಇಷ್ಟು ವರ್ಷ ಶೋಕೇಸಿನಲ್ಲಿ ಚನ್ನಪಟ್ಟಣದ ಗೊಂಬೆಯ ಪಕ್ಕ ಕೂತಿದ್ದ ಡಬ್ಬಿಯನ್ನು ಒಂದು ದಿನವೂ ಯಾರೂ ತೆರೆದು ನೋಡಿದವರಲ್ಲ. ಬ್ಯಾಕಪ್ಪಿನ ಹಣೆಬರಹವೇ ಅದು. ಉಳಿಸುವಾಗ ಯಾರೂ ನೋಡುವುದಿಲ್ಲ, ಅಳಿಸುವಾಗ ಎಲ್ಲರೂ ಕನ್ನಡಕ ಹಾಕಿಕೊಂಡು ಬರುತ್ತಾರೆ. ಮಗನ ಮಾರ್ಕ್ಸ್ ಕಾರ್ಡು, ಸೊಸೆಯ ಪ್ಯಾನು, ಇನ್‌ಕಂ ಟ್ಯಾಕ್ಸ್ ರಿಟರ್ನು, ತೋಟದ ಪಹಣಿ, ಗೃಹಪ್ರವೇಶದ ವಿಡಿಯೊ, ಮನೆಮಂದಿಯದ್ದೆಲ್ಲ ಆಧಾರು. "ಇದೆಲ್ಲ ಆ ಕ್ಯಾಮೆರಾ ಹುಡುಗನ ಕೈಗೆ ಸಿಕ್ಕಿದ್ರೆ ಏನ್ರೀ ಗತಿ?" ಅಂತ ನನ್ನನ್ನು ಕೇಳಿದರು. ಹುಡುಗನಿಗೆ ಇವರ ಗೃಹಪ್ರವೇಶದ ವಿಡಿಯೊ ನೋಡುವ ಶಿಕ್ಷೆ ಯಾಕೆ ಅಂತ ನಾನು ಬಾಯಿ ಬಿಟ್ಟು ಹೇಳಲಿಲ್ಲ.

ಭಯ ಸುಳ್ಳಲ್ಲ. ಅಮೆರಿಕದ ಎಂಐಟಿಯ ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲಟ್ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಿಂದ 158 ಹಳೇ ಡಿಸ್ಕು ಕೊಂಡು ತಂದು ಬಗೆದು ನೋಡಿ, 2003ರಲ್ಲಿ ಬರೆದಿದ್ದಾರೆ. ಅದರಲ್ಲಿ ಓಡಿದ್ದು 129. ಸರಿಯಾಗಿ ಒರೆಸಿ ಮಾರಿದ್ದು ಬರೀ 12. ಉಳಿದವುಗಳಿಂದ 5,000ಕ್ಕೂ ಹೆಚ್ಚು ಕ್ರೆಡಿಟ್ ಕಾರ್ಡ್ ನಂಬರು ಎದ್ದು ಬಂದವು. ಒಂದು ಡಿಸ್ಕಂತೂ ಇಲಿನಾಯ್ ರಾಜ್ಯದ ಎಟಿಎಂ ಒಳಗಿಂದಲೇ ಎದ್ದು ಬಂದದ್ದು. ಮಾರಿದವರೇನು ದಡ್ಡರಲ್ಲ, ಡಿಲೀಟ್ ಒತ್ತಿದರೆ ಡಿಲೀಟ್ ಆಯಿತು ಅಂತ ನಂಬಿದ ಸಜ್ಜನರು.

ಡಿಲೀಟ್ ಅಂದರೆ ಏನು ಅಂತ ಹೊಳೆಹೊನ್ನೂರು ಹೋಬಳಿಯವರಿಗೆ ಹೇಳಿಕೊಡಬೇಕಾಗಿಲ್ಲ. ಪಹಣಿಯ 9ನೇ ಕಾಲಂನಲ್ಲಿ ಮಾಲೀಕನ ಹೆಸರು, 12ನೇ ಕಾಲಂನಲ್ಲಿ ಉಳುವವನ ಹೆಸರು. 9ರಲ್ಲಿ ಒಂದು ಗೀಟು ಎಳೆದ ಮಾತ್ರಕ್ಕೆ ಗದ್ದೆಯಲ್ಲಿ ನಿಂತ ಪೈರು ಮಾಯವಾಗುತ್ತದೆಯೆ? ಡಿಸ್ಕಿನಲ್ಲೂ ಹಾಗೇ. ಡಿಲೀಟ್ ಒತ್ತಿದಾಗ ಯಂತ್ರ ಗೀಟು ಎಳೆಯುವುದು ರಿಜಿಸ್ಟರಿಗೆ ಮಾತ್ರ. ಪೈರು ನಿಂತಲ್ಲೇ ನಿಂತಿರುತ್ತದೆ, ಹೊಸಬ ಬಂದು ಅದೇ ನೆಲ ಉತ್ತು ಬೇರೆ ಬಿತ್ತುವ ತನಕ. ಒರೆಸುವುದು ಅಂದರೆ ನೆಲ ಉಳುವುದು, ಮೂಲೆಯಿಂದ ಮೂಲೆಗೆ.

ಇದನ್ನು ಬಿಡಿಸಿ ಹೇಳುವ ಹೊತ್ತಿಗೆ ಕಟ್ಟೆಯ ಮೇಲಿನ ತಜ್ಞರ ಸಮಿತಿ ತನ್ನ ವರದಿ ಸಲ್ಲಿಸಿತ್ತು. ಒಬ್ಬರು ಸುತ್ತಿಗೆ ಅಂದರು. ಒಬ್ಬರು ಗುಜರಿಯವನ ತಕ್ಕಡಿ ಅಂದರು. ಮೂರನೆಯವರು, ನಮ್ಮೂರಿನ ಎಲ್ಲ ಸಮಸ್ಯೆಗೂ ಒಂದೇ ಪರಿಹಾರ ಇಟ್ಟುಕೊಂಡಿರುವವರು, "ಸೇತುವೆ ಮೇಲಿಂದ ಭದ್ರೆಗೆ ಎಸೀರಿ, ಕೂಡ್ಲಿ ತಲುಪೋದ್ರೊಳಗೆ ಮುಕ್ತಿ" ಅಂದರು. ಭದ್ರೆ ತುಂಗೆಯನ್ನು ಕೂಡುವ ಕೂಡ್ಲಿಯಲ್ಲಿ ಅಸ್ಥಿ ಬಿಟ್ಟರೆ ಮುಕ್ತಿ ಇರಬಹುದು, ಡಿಸ್ಕಿಗೆ ಇಲ್ಲ. 2003ರಲ್ಲಿ ಕೊಲಂಬಿಯಾ ನೌಕೆ ಕಲ್ಪನಾ ಚಾವ್ಲಾ ಸಮೇತ ಏಳು ಜನರೊಂದಿಗೆ ಆಕಾಶದಲ್ಲೇ ಚೂರಾಯಿತಲ್ಲ, ಅದರೊಳಗಿದ್ದ 400 ಮೆಗಾಬೈಟಿನ ಒಂದು ಡಿಸ್ಕು ಸುಟ್ಟು ಕರಕಲಾಗಿ ಒಣಕೆರೆಯ ಅಂಗಳದಲ್ಲಿ ತಿಂಗಳುಗಟ್ಟಲೆ ಬಿದ್ದಿತ್ತು. ಕ್ರಾಲ್ ಆನ್‌ಟ್ರ್ಯಾಕ್ ಎಂಬ ಸಂಸ್ಥೆಯವರು ಅದರಿಂದ ಶೇಕಡಾ 99ರಷ್ಟು ಮಾಹಿತಿ ತೆಗೆದರು. ಅದರಲ್ಲಿದ್ದ ಪ್ರಯೋಗದ ಫಲಿತಾಂಶ 2008ರಲ್ಲಿ ಪ್ರಕಟವೂ ಆಯಿತು. ಬಾನಿನಿಂದ ಬಿದ್ದು ಬದುಕಿದ್ದಕ್ಕೆ ಭದ್ರೆಯ ಮೊಣಕಾಲುದ್ದ ನೀರು ಯಾವ ಲೆಕ್ಕ? ಅದೂ ಅಲ್ಲದೆ ಮೇಷ್ಟ್ರಿಗೆ ಡಿಸ್ಕು ಬೇಕಿತ್ತು. ಒಳಗಿನದ್ದು ಸಾಯಬೇಕು, ಹೊರಗಿನದ್ದು ದುಡಿಯಬೇಕು.

ಕೊನೆಗೆ ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಓದುವ ಪಕ್ಕದ ಮನೆ ಹುಡುಗ ಬಂದು ಲ್ಯಾಪ್‌ಟಾಪಿನಲ್ಲಿ ಏರ್‌ಪೋರ್ಟ್ ಯುಟಿಲಿಟಿ ತೆರೆದ. ಡಿಸ್ಕ್ ಅಳಿಸು ಎಂಬಲ್ಲಿ ನಾಲ್ಕು ಬಾಗಿಲು. ಮೊದಲನೆಯದು ತಟ್ಟನೆ ಅಳಿಸುವುದು, ಅಂದರೆ 9ನೇ ಕಾಲಂನ ಗೀಟು. ಎರಡನೆಯದು ಇಡೀ ಡಿಸ್ಕಿಗೆ ಸೊನ್ನೆ ತುಂಬುವುದು. ಮೂರನೆಯದು ಏಳು ಸುತ್ತು. ನಾಲ್ಕನೆಯದು ಮೂವತ್ತೈದು ಸುತ್ತು. ಎರಡನೆಯದು ಸಾಕು ಅಂತ ಹುಡುಗ ಹೇಳಿದ. ಗ್ಯಾಸಿನ ರೆಗ್ಯುಲೇಟರನ್ನು ರಾತ್ರಿ ಮೂರು ಸಲ ಎದ್ದು ನೋಡುವ ಮನುಷ್ಯನಿಗೆ ಎರಡನೆಯದು ಸಾಕಾಗುತ್ತದೆಯೆ? "ಮೂವತ್ತೈದೇ ಇರ್ಲಪ್ಪ, ಕಂಪನಿಯವರು ಸುಮ್ಮನೆ ಇಟ್ಟಿರಲ್ಲ" ಅಂದರು ಮೇಷ್ಟ್ರು.

ಕಂಪನಿಯವರು ಇಟ್ಟದ್ದು ಜನ ಕೇಳುತ್ತಾರೆ ಅಂತ. ಜನ ಕೇಳಿದ್ದು ಯಾರೋ ಹೇಳಿದರು ಅಂತ. ಮೊದಲು ಹೇಳಿದವರು ನ್ಯೂಜಿಲೆಂಡಿನ ಪೀಟರ್ ಗಟ್‌ಮನ್, 1996ರಲ್ಲಿ. ಆ ಕಾಲದ ಡಿಸ್ಕುಗಳು ಬರೆಯುವ ರೀತಿ ಬಗೆಬಗೆ ಇತ್ತು. ಒಂದೊಂದು ಬಗೆಗೆ ಇಂತಿಷ್ಟು ಸುತ್ತು ಅಂತ ಲೆಕ್ಕ ಹಾಕಿ, ನಿಮ್ಮದು ಯಾವ ಬಗೆ ಅಂತ ಗೊತ್ತಿಲ್ಲದಿದ್ದರೆ ಎಲ್ಲ ಸೇರಿ ಮೂವತ್ತೈದು ಅಂದರು. ಬೀದಿಯ ಎಲ್ಲ ಮನೆಯ ಬೀಗದ ಕೈಯನ್ನೂ ನಮ್ಮ ಬೀಗಕ್ಕೆ ತಿರುಗಿಸಿ ನೋಡಿದಂತೆ ಅಂತ ಹೇಳಬಹುದಿತ್ತು, ಆದರೆ ಗಟ್‌ಮನ್ ಅವರೇ ಇದಕ್ಕಿಂತ ಖಾರವಾಗಿ ಹೇಳಿಬಿಟ್ಟಿದ್ದಾರೆ. ಜನ ನನ್ನ ಮೂವತ್ತೈದು ಸುತ್ತನ್ನು ತಾಂತ್ರಿಕ ವಿಚಾರ ಅಂತ ತಿಳಿಯದೆ ದೆವ್ವ ಬಿಡಿಸುವ ಮಂತ್ರ ಮಾಡಿಕೊಂಡಿದ್ದಾರೆ ಅಂತ ತಮ್ಮದೇ ಲೇಖನಕ್ಕೆ ಆಮೇಲೆ ಬಾಲ ಜೋಡಿಸಿದರು. ಈಗಿನ ಡಿಸ್ಕಿಗೆ ಒಂದು ಸುತ್ತು ಸಾಮಾನ್ಯವಾಗಿ ಸಾಕು ಅಂತ ಅಮೆರಿಕ ಸರ್ಕಾರದ ಮಾನಕ ಸಂಸ್ಥೆಯೂ ಹೇಳುತ್ತದೆ. ಯಾರು ಕೇಳುತ್ತಾರೆ? ಮಂತ್ರ ಕೊಟ್ಟವನೇ ಬಂದು ಇದು ಮಂತ್ರವಲ್ಲ ಅಂದರೂ ಭಕ್ತರು ಬಿಡುವುದಿಲ್ಲ.

ಅಳಿಸು ಅಂತ ಒತ್ತಿದ ಮೇಲೆ ಯಂತ್ರ ಒಂದು ಸಲ ಕೇಳಿತು, ಖಂಡಿತವಾಗಿಯೂ ಅಳಿಸಬೇಕೇ ಅಂತ. ಎಷ್ಟು ಸಪ್ಪೆ ಎಚ್ಚರಿಕೆ! ನಮ್ಮ ಹಿರಿಯರನ್ನು ನೋಡಿ. ದಾನಶಾಸನ ಕೆತ್ತಿಸಿ ಕೊನೆಗೆ, ಇದನ್ನು ಅಳಿದವನು ವಾರಣಾಸಿಯಲ್ಲಿ ಸಾವಿರ ಕವಿಲೆ ಕೊಂದ ಪಾಪಕ್ಕೆ ಹೋಗಲಿ ಅಂತ ಹಾಕಿಬಿಡುತ್ತಿದ್ದರು. ಬೇಕು ಬೇಡ ಅಂತ ಎರಡು ಗುಂಡಿ ಕೊಡುತ್ತಿರಲಿಲ್ಲ. ಹಾಗಾಗಿಯೇ ಬಿ.ಎಲ್. ರೈಸ್ ಬಂದು ಶಿವಮೊಗ್ಗ ಜಿಲ್ಲೆಯ ಶಾಸನಗಳನ್ನು 1902 ಮತ್ತು 1904ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಎರಡು ದಪ್ಪ ಸಂಪುಟವಾಗಿ ತರುವ ತನಕ ಕಲ್ಲುಗಳು ತಮ್ಮ ಪಾಡಿಗೆ ಉಳಿದಿದ್ದವು. ಈಗಿನ ಹಾರ್ಡ್ ಡಿಸ್ಕು ಹತ್ತು ವರ್ಷ ತಿರುಗಿದರೆ ಸನ್ಮಾನ ಮಾಡಬೇಕು.

ಒಂದು ಟೆರಾಬೈಟಿನ ಡಿಸ್ಕು. ಸೆಕೆಂಡಿಗೆ 100 ಮೆಗಾಬೈಟ್ ಬರೆಯುತ್ತದೆ ಅಂತ ಉದಾರವಾಗಿ ಹಿಡಿದರೂ ಒಂದು ಸುತ್ತಿಗೆ ಮೂರು ಗಂಟೆಗೆ ಸ್ವಲ್ಪ ಕಡಿಮೆ. ಮೂವತ್ತೈದಕ್ಕೆ ನಾಲ್ಕು ಹಗಲು, ನಾಲ್ಕು ರಾತ್ರಿ. ನಡುವೆ ಕರೆಂಟ್ ಹೋದರೆ ಮತ್ತೆ ಶ್ರೀಕಾರದಿಂದ. ಟಿವಿಯ ಯುಪಿಎಸ್ಸನ್ನು ಕಿತ್ತು ಡಬ್ಬಿಗೆ ಹಾಕಿದರು. ಮೇಷ್ಟ್ರ ಮನೆಯವರಿಗೆ ಮಳೆ ಬಂದ ಸಂಜೆಯೆಲ್ಲ ಧಾರಾವಾಹಿ ತಪ್ಪಿತು. ಮುಂದಿನ ಪುಟ್ಟ ದೀಪ ಮಿಣುಕುತ್ತಲೇ ಇತ್ತು. ಕೈಯಿಟ್ಟರೆ ಡಬ್ಬಿ ಜ್ವರ ಬಂದವರ ಹಣೆಯಷ್ಟು ಬಿಸಿ. ಮೇಷ್ಟ್ರು ಟೇಬಲ್ ಫ್ಯಾನನ್ನು ಅದರ ಕಡೆ ತಿರುಗಿಸಿ ತಾವು ಬೀಸಣಿಗೆ ಹಿಡಿದು ಕೂತರು. ಬಂದವರನ್ನೆಲ್ಲ ಪಿಸುಮಾತಿನಲ್ಲಿ ಮಾತಾಡಿಸಿದರು.

ಇಷ್ಟೆಲ್ಲ ಕಾವಲಿನ ನಡುವೆ, ಮೂರನೆಯ ದಿನ ಬೆಳಿಗ್ಗೆ, ಮೇಷ್ಟ್ರು ಅಂಗಿ ತೊಟ್ಟು ನಾಡಕಚೇರಿ ಹತ್ತಿರದ ಜೆರಾಕ್ಸ್ ಅಂಗಡಿಗೆ ಹೋಗಿ ಬಂದರು. ಯಾವುದೋ ಅರ್ಜಿಗೆ ಆಧಾರು, ರೇಷನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕು, ಪಹಣಿ, ಎಲ್ಲ ಎರಡೆರಡು ಸೆಟ್ಟು. ಮೊಬೈಲಿನಲ್ಲಿದ್ದದ್ದನ್ನು ಅಂಗಡಿಯ ನಂಬರಿಗೆ ವಾಟ್ಸಾಪ್ ಮಾಡಿದರು. ಒಂದು ಪ್ರತಿ ವಾರೆ ಬಂತು, ಹುಡುಗ ಅದನ್ನು ಮೇಜಿನ ಕೆಳಗಿನ ರಟ್ಟಿನ ಡಬ್ಬಕ್ಕೆ ಹಾಕಿದ. ಮೇಷ್ಟ್ರು ಪುಟಕ್ಕೆ ಎರಡು ರೂಪಾಯಿಯಂತೆ ಕೊಟ್ಟು, ಒರಿಜಿನಲ್ ಎಣಿಸಿಕೊಂಡು, ನಿಶ್ಚಿಂತೆಯಿಂದ ಮನೆಗೆ ಬಂದು ಮತ್ತೆ ಡಬ್ಬಿಯ ಮುಂದೆ ಕಾವಲು ಕೂತರು.

ಆ ಅಂಗಡಿಯ ಕಂಪ್ಯೂಟರನ್ನು ನೀವು ಒಮ್ಮೆ ನೋಡಬೇಕು. ಪರದೆಯ ಮೇಲೆ ಹಿಂದಿನ ದೇವರ ಚಿತ್ರ ಕಾಣಿಸದಷ್ಟು ಫೈಲು. ನ್ಯೂ ಫೋಲ್ಡರ್, ನ್ಯೂ ಫೋಲ್ಡರ್ ಎರಡು, ನ್ಯೂ ಫೋಲ್ಡರ್ ಹದಿನೇಳು. 2023ರಲ್ಲಿ ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿಗೆ ಊರ ಹೆಂಗಸರೆಲ್ಲ ಸಾಲುಗಟ್ಟಿದಾಗಿನದ್ದು ಒಂದು ಪದರ, ಬೆಳೆ ವಿಮೆಯದ್ದು ಒಂದು ಪದರ, ಸ್ಕಾಲರ್‌ಶಿಪ್ಪಿನದ್ದು ಒಂದು ಪದರ. ಯಾರದ್ದೂ ಅಳಿಸಿಲ್ಲ, ಯಾಕೆಂದರೆ ಅಳಿಸಲು ಹುಡುಗನಿಗೆ ಪುರುಸೊತ್ತಿಲ್ಲ. ಮೇಷ್ಟ್ರು ನಾಲ್ಕು ದಿನ ನಿದ್ದೆಗೆಟ್ಟು ಒರೆಸುತ್ತಿದ್ದ ಪ್ರತಿಯೊಂದು ಕಾಗದವೂ ಅಲ್ಲಿ ಕ್ಷೇಮವಾಗಿತ್ತು. ಬ್ಯಾಕಪ್ ತಜ್ಞರು 3-2-1 ಅಂತ ಒಂದು ನಿಯಮ ಹೇಳುತ್ತಾರೆ, ಪೀಟರ್ ಕ್ರೋ ಎಂಬ ಛಾಯಾಗ್ರಾಹಕ ಜನಪ್ರಿಯಗೊಳಿಸಿದ್ದು. ಮೂರು ಪ್ರತಿ ಇರಬೇಕು, ಎರಡು ಬೇರೆ ಬೇರೆ ಮಾಧ್ಯಮದಲ್ಲಿರಬೇಕು, ಒಂದು ಮನೆಯಿಂದಾಚೆ ಇರಬೇಕು. ನಮ್ಮೂರು ಇದನ್ನು ಓದದೆಯೇ ಪಾಲಿಸಿದೆ. ಒಂದು ಪ್ರತಿ ಬೀರುವಿನಲ್ಲಿ, ಒಂದು ಜೆರಾಕ್ಸ್ ಅಂಗಡಿಯಲ್ಲಿ, ವಾರೆಯಾಗಿ ಬಂದ ಮೂರನೆಯದು ಮಿರ್ಚಿ ಮಂಡಕ್ಕಿಯ ಪೊಟ್ಟಣದಲ್ಲಿ. ಎಣ್ಣೆ ಹೀರಿದ ಮೇಲೆ ಹನ್ನೆರಡು ಅಂಕಿ ಇನ್ನೂ ಸ್ಪಷ್ಟ.

ಸರ್ಕಾರಕ್ಕೆ ಇದು ಗೊತ್ತಿಲ್ಲವೆಂದಲ್ಲ. ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿ 2022ರ ಮೇ 27ರಂದು ಒಂದು ಪ್ರಕಟಣೆ ಕೊಟ್ಟಿತ್ತು. ಆಧಾರಿನ ಜೆರಾಕ್ಸನ್ನು ಸಿಕ್ಕಸಿಕ್ಕವರಿಗೆ ಕೊಡಬೇಡಿ, ದುರುಪಯೋಗ ಆದೀತು, ಸೈಬರ್ ಅಂಗಡಿಯಲ್ಲಿ ಡೌನ್‌ಲೋಡ್ ಮಾಡಿದರೆ ಅಲ್ಲಿನ ಪ್ರತಿಗಳನ್ನು ಪೂರ್ತಿ ಅಳಿಸಿ ಬನ್ನಿ ಅಂತ. ದೇಶಕ್ಕೆ ದೇಶವೇ ಗಾಬರಿಯಾಯಿತು. ಮೇ 29ಕ್ಕೆ ದೆಹಲಿ ಆ ಪ್ರಕಟಣೆಯನ್ನು ಹಿಂತೆಗೆದುಕೊಂಡು, ಸಾಮಾನ್ಯ ಎಚ್ಚರಿಕೆ ವಹಿಸಿದರೆ ಸಾಕು ಅಂದಿತು. ಅಳಿಸಿ ಅಂತ ಹೇಳಿದ ಕಾಗದವನ್ನೇ ಎರಡು ದಿನದಲ್ಲಿ ಅಳಿಸಿದರು, ಅದೂ ತಟ್ಟನೆ ಅಳಿಸುವ ವಿಧಾನದಲ್ಲಿ. ಹುಡುಕಿದರೆ ಈಗಲೂ ಸಿಗುತ್ತದೆ.

ಆಮೇಲೆ 2023ರ ಆಗಸ್ಟಿನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ನನ್ನ ಮಾಹಿತಿ ಅಳಿಸಿ ಅಂತ ಕೇಳುವ ಹಕ್ಕು ಅದರಲ್ಲಿ ಸಿಕ್ಕಿತು. ನಿಯಮ ಹೊರಬೀಳಲು 2025ರ ನವೆಂಬರ್ ಆಯಿತು, ಮುಖ್ಯ ಕಟ್ಟುಪಾಡುಗಳು ಜಾರಿಗೆ ಬರಲು ಅಲ್ಲಿಂದ ಮುಂದಕ್ಕೆ ಮತ್ತೆ ಹದಿನೆಂಟು ತಿಂಗಳ ವಾಯಿದೆ. ಮನೆಯೊಳಗೆ ಸ್ವಂತಕ್ಕೆ ಇಟ್ಟುಕೊಂಡ ಮಾಹಿತಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ, ಹಾಗಾಗಿ ಮೇಷ್ಟ್ರ ಡಬ್ಬಿ ಕಾನೂನಿನ ಆಚೆ. ಅಂಗಡಿಯ ನ್ಯೂ ಫೋಲ್ಡರ್ ಹದಿನೇಳಕ್ಕೆ ಆ ರಿಯಾಯಿತಿ ಇಲ್ಲ. ಮಾಹಿತಿಯನ್ನು ಜೋಪಾನ ಮಾಡದವರಿಗೆ ದಂಡ 250 ಕೋಟಿ ರೂಪಾಯಿಯ ತನಕ ಹೋಗಬಹುದು. ಪುಟಕ್ಕೆ ಎರಡು ರೂಪಾಯಿಯಂತೆ ಹುಡುಗ ಅದನ್ನು ತೀರಿಸಬೇಕಾದರೆ 125 ಕೋಟಿ ಜೆರಾಕ್ಸ್ ತೆಗೆಯಬೇಕು. ಹೆಚ್ಚುಕಡಿಮೆ ದೇಶದ ಪ್ರತಿಯೊಬ್ಬರ ಆಧಾರಿಗೂ ಒಂದೊಂದು. ಕಾಯ್ದೆ ಬರೆದವರು ಲೆಕ್ಕ ಹಾಕಿಯೇ ಬರೆದಿದ್ದಾರೆ ಅನಿಸುತ್ತದೆ.

ತಪ್ಪು ಹುಡುಗನದ್ದಲ್ಲ. ಭೂಮಿ ಯೋಜನೆ ಬಂದು ರಾಜ್ಯದ ಸುಮಾರು 2 ಕೋಟಿ ಪಹಣಿ ಕಂಪ್ಯೂಟರಿಗೆ ಸೇರಿ ಇಪ್ಪತ್ತು ವರ್ಷ ದಾಟಿತು. ಸರ್ಕಾರದ ಕಂಪ್ಯೂಟರಿನಲ್ಲಿರುವ ಪಹಣಿಯನ್ನು ಸರ್ಕಾರದ್ದೇ ಇನ್ನೊಂದು ಮೇಜು ನೋಡಬೇಕಾದರೆ ಇವತ್ತಿಗೂ ರೈತ ಅದನ್ನು ಪ್ರಿಂಟ್ ತೆಗೆಸಿ, ಪ್ರಿಂಟಿನ ಜೆರಾಕ್ಸ್ ತೆಗೆಸಿ, ಜೆರಾಕ್ಸಿನ ಮೇಲೆ ಸಹಿ ಹಾಕಿ ಹೊತ್ತುಕೊಂಡು ಹೋಗಬೇಕು. ಇಷ್ಟು ಕಾಗದದ ಹಸಿವಿದ್ದೂ, 1936ರಲ್ಲಿ ಸ್ಥಾಪನೆಯಾದ ಭದ್ರಾವತಿಯ ಮೈಸೂರು ಪೇಪರ್ ಮಿಲ್ಸ್ ಬಾಗಿಲು ಹಾಕಿಕೊಂಡು ಕೂತಿದೆ. ನಮ್ಮ ಹೋಬಳಿಯ ಜೆರಾಕ್ಸಿನ ಮೇಲೆಯೇ ಒಂದು ಪಾಳಿ ನಡೆಸಬಹುದಿತ್ತು.

ಐದನೆಯ ದಿನ ವ್ರತ ಮುಗಿಯಿತು. ಕ್ಯಾಮೆರಾ ಹುಡುಗ ಡಿಸ್ಕು ಬಿಚ್ಚಿ ರೆಕಾರ್ಡರಿಗೆ ಕೂರಿಸಿದ. ರೆಕಾರ್ಡರು ಕೂತ ತಕ್ಷಣ ಫಾರ್ಮ್ಯಾಟ್ ಮಾಡಲೇ ಅಂತ ಕೇಳಿತು. ಅವನು ಒತ್ತಿದ. ಮೂವತ್ತೈದು ಸುತ್ತಿನ ಮೇಲೆ ಮೂವತ್ತಾರನೆಯದು, ಬಿಟ್ಟಿ. ಇದರಲ್ಲೊಂದು ತಮಾಷೆ ಇದೆ. ನಾಲ್ಕು ಕ್ಯಾಮೆರಾ, ಒಂದೊಂದಕ್ಕೆ ಎರಡು ಮೆಗಾಬಿಟ್ಟಿನ ಲೆಕ್ಕ ಹಿಡಿದರೆ ಸೆಕೆಂಡಿಗೆ ಒಂದು ಮೆಗಾಬೈಟು ಚಿತ್ರ ಬಂದು ಡಿಸ್ಕಿಗೆ ಬೀಳುತ್ತದೆ, ದಿನಕ್ಕೆ 86 ಗಿಗಾಬೈಟು. ಹನ್ನೆರಡು ದಿನ ತುಂಬುವುದರೊಳಗೆ ಇಡೀ ಡಿಸ್ಕು ಮೂಲೆಯಿಂದ ಮೂಲೆಗೆ ಅಡಿಕೆ ಚಾಪೆ, ಬೀದಿನಾಯಿ, ಹಾಲಿನವನ ಸೈಕಲ್ಲಿನಿಂದ ತುಂಬಿಹೋಗುತ್ತದೆ. ಹದಿಮೂರನೆಯ ದಿನ ಅದರ ಮೇಲೆ ಹೊಸ ನಾಯಿ. ಸುಮ್ಮನೆ ತಟ್ಟನೆ ಅಳಿಸಿ ಕೊಟ್ಟಿದ್ದರೂ, ಡಿಸ್ಕು ಮೇಷ್ಟ್ರ ಕಣ್ಣೆದುರಿಗೇ ಇರುತ್ತಿದ್ದ ಕಾರಣ, ಎರಡೇ ವಾರದಲ್ಲಿ ನಾಯಿಗಳೇ ಸೇರಿ ಇನ್‌ಕಂ ಟ್ಯಾಕ್ಸ್ ರಿಟರ್ನನ್ನು ತುಳಿದು ಮುಗಿಸುತ್ತಿದ್ದವು. ಇನ್ನೂ ಸುಲಭದ ದಾರಿ ಬೇಕಿದ್ದರೆ 2021ರ ಜೂನ್ ತಿಂಗಳಿನದ್ದಿದೆ. ವೆಸ್ಟರ್ನ್ ಡಿಜಿಟಲ್ ಕಂಪನಿಯ ಮೈ ಬುಕ್ ಲೈವ್ ಎಂಬ ಇಂಥದ್ದೇ ಡಬ್ಬಿಗಳನ್ನು ಯಾರೋ ಇಂಟರ್ನೆಟ್ಟಿನಲ್ಲಿ ಹೊಕ್ಕು ಜಗತ್ತಿನಾದ್ಯಂತ ಒಂದೇಟಿಗೆ ಖಾಲಿ ಮಾಡಿದರು. ಕಂಪನಿ 2015ರಿಂದಲೇ ಅವುಗಳ ರಿಪೇರಿ ತಂತ್ರಾಂಶ ಕೊಡುವುದು ಬಿಟ್ಟಿತ್ತು. ಪಾಸ್‌ವರ್ಡ್ ಕೇಳಬೇಕಾದ ಸಾಲನ್ನು ಯಾರೋ ಕೆಲಸ ಮಾಡದಂತೆ ಮಾಡಿಟ್ಟಿದ್ದರು. ಹತ್ತು ವರ್ಷದ ಫೋಟೊ ಕಳಕೊಂಡವರು ಬೆಳಿಗ್ಗೆ ಎದ್ದು ಅತ್ತರು. ಅವರ್ಯಾರೂ ಒಂದು ಸುತ್ತನ್ನೂ ಕೇಳಿರಲಿಲ್ಲ.

ಡಿಸ್ಕು ದುಡಿಯಲು ಶುರುಮಾಡಿ ವಾರ ಕಳೆದಿರಲಿಲ್ಲ, ಬೆಂಗಳೂರಿನಿಂದ ಮಗನ ಫೋನು. ಯಾವುದೋ ವೀಸಾಕ್ಕೆ ಪಿಯುಸಿ ಮಾರ್ಕ್ಸ್ ಕಾರ್ಡಿನ ಸ್ಕ್ಯಾನ್ ಅರ್ಜೆಂಟಾಗಿ ಬೇಕಂತೆ. ಒರಿಜಿನಲ್ ಮನೆ ಬದಲಾಯಿಸುವಾಗ ಎಲ್ಲೋ ಹೋಗಿದೆ, ಕ್ಲೌಡಿನಲ್ಲಿ ಹುಡುಕಿದರೆ ಬರೀ ಊಟದ ಫೋಟೊ. "ಆ ಬಿಳಿ ಡಬ್ಬೀಲಿ ಇರುತ್ತಪ್ಪ, ಅದಕ್ಕೇ ಅಲ್ವಾ ನಿಮ್ಮತ್ರ ಜೋಪಾನವಾಗಿ ಇಟ್ಟಿದ್ದು" ಅಂದ. ಮೇಷ್ಟ್ರು ಒಂದು ನಿಮಿಷ ಅಂತ ಹೇಳಿ ಫೋನ್ ಇಟ್ಟು ಪರದೆ ನೋಡಿದರು. ಎರಡನೇ ಕ್ಯಾಮೆರಾದಲ್ಲಿ ಒಂದು ಕೋಳಿ ಅಡಿಕೆ ಕೆದಕುತ್ತಿತ್ತು.

ಅಂಗಿ ತೊಟ್ಟು ಹೊರಟರು, ನಾನೂ ಜೊತೆಗೆ ಹೋದೆ. ಜೆರಾಕ್ಸ್ ಹುಡುಗ ಬಾಯಲ್ಲಿದ್ದ ಎಲೆಅಡಿಕೆಯನ್ನು ದವಡೆಯ ಒಂದು ಕಡೆಗೆ ಸರಿಸಿ, ಮೌಸನ್ನು ಮೂರು ಸಲ ಕುಟ್ಟಿದ.

"ನಿಮ್ ಮಗಂದಾ ಮೇಷ್ಟ್ರೇ? ಎರಡದೆ. 2016ರಲ್ಲಿ ಮಾಡಿದ್ದೊಂದು, ಆಮೇಲೆ ಪಾಸ್‌ಪೋರ್ಟಿಗೆ ಅಂತ ಮಾಡಿಸಿದ್ರಲ್ಲ, ಅದೊಂದು. ಕಲರ್ ಹಾಕ್ಲಾ, ಬ್ಲ್ಯಾಕ್ ಅಂಡ್ ವೈಟಾ?"

"ಕಲರೇ ಹಾಕಪ್ಪ" ಅಂದರು ಮೇಷ್ಟ್ರು, ಹಣೆ ಒರೆಸಿಕೊಳ್ಳುತ್ತಾ.

ಪ್ರಿಂಟ್ ಬರುವಷ್ಟರಲ್ಲಿ ಹುಡುಗ ನನ್ನ ಮುಖ ನೋಡಿದ. "ನಿಮ್ಮ ಮನೆಯೋರದ್ದೂ ಫುಲ್ ಸೆಟ್ ಅದೆ ಸಾರ್, ಒಟ್ಟಿಗೇ ತೆಗೆದುಬಿಡ್ಲಾ?"